ಕಣ್ಣು ಮಂಜಾದ ಮೇಲೆ ಮನೆ, ಕೆಲಸ, ಮಕ್ಕಳು: ಎಲ್ಲಿಂದ ಶುರು ಮಾಡೋದು?

ಮನೆಯಲ್ಲಿ ಒಬ್ಬರಿಗೆ ದೃಷ್ಟಿ ಕಡಿಮೆಯಾಗುತ್ತಿದೆ ಅಂತ ಗೊತ್ತಾದ ಕೂಡಲೇ ಉಳಿದವರೆಲ್ಲ ಸೇರಿ ಅವರ ಕೈಯಿಂದ ಒಂದೊಂದೇ ಕೆಲಸ ಕಿತ್ತುಕೊಳ್ಳುತ್ತಾರೆ. 'ನೀನು ಕೂತ್ಕೋ, ನಾನು ಮಾಡ್ತೀನಿ.' ಗ್ಯಾಸ್ ಹತ್ತಿರ ಬಿಡುವುದಿಲ್ಲ. ರಸ್ತೆ ದಾಟಲು ಬಿಡುವುದಿಲ್ಲ. ಆಮೇಲೆ ದುಡ್ಡು, ಬ್ಯಾಂಕು. ಕೊನೆಗೆ ಸ್ವಂತ ಮಗುವಿಗೆ ಊಟ ಮಾಡಿಸುವುದೂ ಕೈ ತಪ್ಪುತ್ತದೆ. ಎಲ್ಲ ಪ್ರೀತಿಯಿಂದಲೇ. ಕಣ್ಣಿಗಿಂತ ಜಾಸ್ತಿ ಕಾಟ ಕೊಡುವುದು ಈ ಪ್ರೀತಿಯೇ ಅಂತ ನನಗೆ ಅನಿಸುತ್ತದೆ. ಹೋದ ಕೆಲಸಗಳನ್ನು ಒಂದೊಂದಾಗಿ ವಾಪಸ್ ತಗೊಳ್ಳುವುದು ಹೇಗೆ, ಯಾವುದು ಮೊದಲು ಯಾವುದು ಆಮೇಲೆ, ಅದನ್ನೇ ಇಲ್ಲಿ ಬರೆದಿದ್ದೇನೆ.

ನನಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ, ಕಣ್ಣಿನ ಒಳಪರದೆ ನಿಧಾನವಾಗಿ ಹಾಳಾಗುವ ಕಾಯಿಲೆ. ಹಗಲಲ್ಲಿ ನೇರ ಎದುರಿಗೆ ಇರುವುದು ಸ್ವಲ್ಪ ಕಾಣುತ್ತದೆ, ಸಂಜೆಯಾದರೆ ಏನೂ ಇಲ್ಲ. ಆಫೀಸಿದೆ, ಮಕ್ಕಳಿದ್ದಾರೆ. ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ), ಸಕ್ಕರೆ ಕಾಯಿಲೆ ಅಥವಾ ಇನ್ನಾವುದೋ ಕಾರಣಕ್ಕೆ ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಹುಟ್ಟಿನಿಂದಲೇ ಕಾಣದವರಿಗೆ ಇದರಲ್ಲಿ ಮುಕ್ಕಾಲು ಪಾಲು ಗೊತ್ತಿರುತ್ತದೆ. ನಾನು ಕಲಿತದ್ದೂ ಹೆಚ್ಚಾಗಿ ಅವರಿಂದಲೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚಿಕಿತ್ಸೆ ಮುಗಿಯಲಿ, ಆಮೇಲೆ ನೋಡೋಣ ಅಂತ ಕಾಯಬೇಡಿ. ಔಷಧಿ ಒಂದು ಕಡೆ ನಡೆಯಲಿ, ಕಲಿಕೆ ಇನ್ನೊಂದು ಕಡೆ ನಡೆಯಲಿ. ಸ್ವಲ್ಪ ಕಾಣುತ್ತಿರುವಾಗಲೇ ಕಲಿತರೆ ಸುಲಭ.

1. ಕಾಗದ ಪತ್ರ ಮೊದಲು

ಬೇಜಾರಿನ ಕೆಲಸ, ಆದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಬೇಕಾಗಿರುವುದು ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಧಾರ್, ಫೋಟೋ, ಕಣ್ಣಿನ ಆಸ್ಪತ್ರೆಯ ವರದಿಗಳು ಬೇಕು. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರ ಮುಂದೆ ಪರೀಕ್ಷೆ.

ಇಲ್ಲಿ ತುಂಬ ಜನ ಎಡವುವ ಜಾಗ ಒಂದಿದೆ. ಗೋಡೆ ಮೇಲಿನ ಅಕ್ಷರದ ಚಾರ್ಟು ಓದಿಬಿಟ್ಟರೆ 'ನಿಮ್ಮ ಕಣ್ಣು ಚೆನ್ನಾಗಿದೆಯಲ್ಲ' ಅನ್ನುತ್ತಾರೆ. ಆದರೆ ನನ್ನಂಥವರಿಗೆ, ಗ್ಲಾಕೋಮಾ ಇರುವವರಿಗೆ, ಕೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಮಾತ್ರ ಕಾಣುತ್ತದೆ. ಅಕ್ಷರ ಓದುತ್ತೇವೆ, ಪಕ್ಕದಲ್ಲಿರುವ ಕಂಬಕ್ಕೆ ಡಿಕ್ಕಿ ಹೊಡೆಯುತ್ತೇವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನು ಲೆಕ್ಕಕ್ಕೆ ತಗೊಂಡಿದೆ. ದೃಷ್ಟಿಯ ವ್ಯಾಪ್ತಿ 40 ಡಿಗ್ರಿಗಿಂತ ಕಡಿಮೆ ಇದ್ದರೆ ಮಂದದೃಷ್ಟಿ, 10 ಡಿಗ್ರಿಗಿಂತ ಕಡಿಮೆ ಇದ್ದರೆ ಅಂಧತ್ವ. ಚಾರ್ಟು ಎಷ್ಟೇ ಚೆನ್ನಾಗಿ ಓದಿದರೂ ಅಷ್ಟೇ. ಹಾಗಾಗಿ ಈ ವ್ಯಾಪ್ತಿ ಅಳೆಯುವ 'ಫೀಲ್ಡ್ ಟೆಸ್ಟ್' ಮಾಡಿಸಿ, ಅದರ ಪ್ರಿಂಟು ಕೈಯಲ್ಲಿ ಹಿಡಿದೇ ಹೋಗಿ.

ಅಂಗವೈಕಲ್ಯ 40 ಪರ್ಸೆಂಟ್ ಅಥವಾ ಹೆಚ್ಚು ಅಂತ ಬರೆದುಕೊಟ್ಟರೆ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ ತೆರಿಗೆ ಹಾಕುವ ಆದಾಯದಲ್ಲಿ 75,000 ರೂಪಾಯಿ ಕಡಿತ ಸಿಗುತ್ತದೆ, 80 ಪರ್ಸೆಂಟ್ ಮತ್ತು ಮೇಲಿದ್ದರೆ 1,25,000. ಅಂಧರಿಗೆ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಉಚಿತ ಪಾಸ್ ಇದೆ. ದೃಷ್ಟಿದೋಷವಿರುವ ತಾಯಂದಿರಿಗೆ ಶಿಶುಪಾಲನಾ ಭತ್ಯೆ ಅಂತ ರಾಜ್ಯ ಸರ್ಕಾರದ್ದೇ ಒಂದು ಯೋಜನೆ ಇದೆ. ಇದು ತಾಯಂದಿರಿಗೇ ಗೊತ್ತಿರುವುದಿಲ್ಲ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ವಿಆರ್‌ಡಬ್ಲ್ಯೂ ಅಂದರೆ ಎಲ್ಲರಿಗೂ ಗೊತ್ತು. ಅವರಿಂದ ಆಗದಿದ್ದರೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಗೆ ಹೋಗಿ.

2. ಫೋನಿಗೆ ಮಾತು ಕಲಿಸಿ

ಇದಕ್ಕೆ ದುಡ್ಡು ಬೇಡ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ, ಐಫೋನಿನಲ್ಲಿ ವಾಯ್ಸ್‌ಓವರ್. ಬೆರಳು ಇಟ್ಟಲ್ಲಿ ಏನಿದೆ ಅಂತ ಓದುತ್ತದೆ, ಎರಡು ಸಲ ಬಡಿದರೆ ತೆರೆಯುತ್ತದೆ. ಬಲಕ್ಕೆ ಸವರಿದರೆ ಮುಂದಿನದು, ಎಡಕ್ಕೆ ಸವರಿದರೆ ಹಿಂದಿನದು. ಗೂಗಲ್‌ನ ಧ್ವನಿ ಕನ್ನಡವನ್ನೂ ಓದುತ್ತದೆ. ಆನ್ ಮಾಡುವ ಮೊದಲು ಆಫ್ ಮಾಡುವುದನ್ನು ಕಲಿಯಿರಿ, ಇಲ್ಲಾಂದ್ರೆ ಮನೆಯವರು ಗಾಬರಿಯಾಗಿ ಫೋನನ್ನೇ ರಿಪೇರಿ ಅಂಗಡಿಗೆ ಒಯ್ಯುತ್ತಾರೆ. ಆಂಡ್ರಾಯ್ಡ್‌ನಲ್ಲಾದರೆ ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಕೆಲವು ಸೆಕೆಂಡು ಒತ್ತಿ ಹಿಡಿಯುವ ಶಾರ್ಟ್‌ಕಟ್ಟನ್ನು ಸೆಟ್ಟಿಂಗ್ಸ್‌ನಲ್ಲಿ ಹಾಕಿಟ್ಟುಕೊಳ್ಳಿ.

ಮೊದಲ ವಾರ ಸಿಟ್ಟು ಬರುತ್ತದೆ. ಫೋನ್ ಎತ್ತುವುದು, ಒಬ್ಬರಿಗೆ ಕರೆ ಮಾಡುವುದು, ವಾಟ್ಸಾಪ್ ಓದುವುದು, ಇಷ್ಟೇ ಸಾಕು. ಉಳಿದದ್ದು ತಾನಾಗಿ ಬರುತ್ತದೆ. ಕಾಗದ, ಔಷಧಿ ಡಬ್ಬ, ಪೊಟ್ಟಣ ಓದಲು ಗೂಗಲ್ ಲೆನ್ಸ್, ಲುಕ್‌ಔಟ್, ಸೀಯಿಂಗ್ ಎಐ ಇವೆ. 'ಬಿ ಮೈ ಐಸ್' ತೆರೆದರೆ ಎಲ್ಲೋ ಇರುವ ಸ್ವಯಂಸೇವಕರು ನಿಮ್ಮ ಕ್ಯಾಮೆರಾದಲ್ಲಿ ನೋಡಿ ಹೇಳುತ್ತಾರೆ. ಔಷಧಿಯ ಹೆಸರನ್ನು ಮಾತ್ರ ಒಂದು ಆಪ್ ಹೇಳಿದ ಮಾತ್ರಕ್ಕೆ ನಂಬಬೇಡಿ. ತಂದ ದಿನವೇ ಮೆಡಿಕಲ್ ಶಾಪಿನವರಿಂದ ಓದಿಸಿ, ಮಾತ್ರೆ ಪಟ್ಟಿಗೆ ಗುರುತು ಹಾಕಿಸಿಕೊಳ್ಳಿ.

3. ಅಡುಗೆಮನೆ

ಮನೆಗೆಲಸಗಳಲ್ಲಿ ಇಲ್ಲಿಂದ ಶುರು ಮಾಡಿ ಅನ್ನುತ್ತೇನೆ. ಮನೆಯವರು ಅತಿ ಹೆಚ್ಚು ಹೆದರುವುದು ಇಲ್ಲಿ. ಇದು ವಾಪಸ್ ಬಂತು ಅಂದರೆ ಉಳಿದದ್ದಕ್ಕೆ ಅವರು ಅಷ್ಟು ತಕರಾರು ತೆಗೆಯುವುದಿಲ್ಲ.

ಮೊದಲು ಜಾಗ. ಪ್ರತಿ ಡಬ್ಬಕ್ಕೂ ಒಂದೇ ಜಾಗ, ಬಳಸಿದವರು ಅಲ್ಲೇ ಇಡಬೇಕು. ತೊಗರಿಬೇಳೆ, ಕಡಲೆಬೇಳೆ ಕೈಗೆ ಬೇರೆ ಬೇರೆ ಸಿಗುತ್ತವೆ. ಪುಡಿಗಳಲ್ಲಿ ಗೊಂದಲ ಆಗುತ್ತದೆ. ಖಾರದಪುಡಿ ಡಬ್ಬಕ್ಕೆ ಒಂದು ರಬ್ಬರ್ ಬ್ಯಾಂಡು, ಸಾರಿನಪುಡಿಗೆ ಎರಡು, ಉಪ್ಪಿಗೆ ಬೇರೆ ಆಕಾರದ್ದೇ ಡಬ್ಬ. ಮಿಕ್ಸಿಯ ಗುಂಡಿ, ವಾಷಿಂಗ್ ಮೆಷಿನ್, ಓವನ್‌ಗೆ ಹಣೆಗೆ ಇಡುವ ಕಲ್ಲಿನ ಸ್ಟಿಕ್ಕರ್ ಅಂಟಿಸಿ. ಐದು ರೂಪಾಯಿಗೆ ಒಂದು ಹಾಳೆ ಸಿಗುವ ಕಾಲವಲ್ಲ ಇದು, ಆದರೂ ವಿದೇಶದ 'ಟ್ಯಾಕ್ಟೈಲ್ ಡಾಟ್' (ಅಂಟಿಸುವ ಉಬ್ಬುಚುಕ್ಕೆ) ತರಿಸುವುದಕ್ಕಿಂತ ಅಗ್ಗ. ಹೊಸ ಸ್ಟವ್ ಕೊಳ್ಳುವುದಾದರೆ ನುಣುಪು ಗಾಜಿನ ಟಚ್ ಇಂಡಕ್ಷನ್ ಬೇಡ, ಬೆರಳಿಗೆ ಏನೂ ಸಿಗುವುದಿಲ್ಲ. ತಿರುಗಿಸುವ ಗುಂಡಿ ಇರುವುದೇ ತಗೊಳ್ಳಿ.

ಗ್ಯಾಸ್ ಮುಂದೆ ಕ್ರಮ ಹೀಗೆ. ಸೆರಗು, ದುಪಟ್ಟಾ ಬಿಗಿಯಾಗಿ ಸಿಕ್ಕಿಸಿ. ಮೊದಲು ಖಾಲಿ ಪಾತ್ರೆಯನ್ನು ಆರಿರುವ ಬರ್ನರ್ ಮೇಲೆ ಇಟ್ಟು ನಡುವೆ ಕೂತಿದೆಯಾ ಅಂತ ಕೈಯಲ್ಲಿ ನೋಡಿ. ಆಮೇಲೆ ಹಚ್ಚಿ. ಬೆಂಕಿ ಇದೆಯಾ ಅನ್ನುವುದು ಸದ್ದಿನಿಂದ ಗೊತ್ತಾಗುತ್ತದೆ, ಅಂಗೈಯನ್ನು ಮೇಲೆ ದೂರದಲ್ಲಿ ಹಿಡಿದರೆ ಖಾತ್ರಿಯಾಗುತ್ತದೆ. ಪಾತ್ರೆಯ ಹಿಡಿ ಯಾವತ್ತೂ ಗೋಡೆ ಕಡೆಗೆ.

ಇನ್ನು ಒಗ್ಗರಣೆ. ಎಲ್ಲರೂ 'ಅಯ್ಯೋ ಬೇಡ' ಅನ್ನುವುದು ಇದಕ್ಕೆ. ನಿಜ ಹೇಳಬೇಕೆಂದರೆ ಕಣ್ಣಿಲ್ಲದೆ ಮಾಡಲು ಇಷ್ಟು ಹೇಳಿಮಾಡಿಸಿದ ಕೆಲಸ ಇನ್ನೊಂದಿಲ್ಲ. ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕಿ. ಕಾದಿದೆಯಾ ನೋಡಲು ಒಂದೇ ಒಂದು ಸಾಸಿವೆ ಬಿಡಿ. ಚಟ್ ಅಂದರೆ ಸರಿ. ಉಳಿದ ಸಾಸಿವೆ ಹಾಕಿ ತಟ್ಟೆ ಮುಚ್ಚಿ. ಚಟಪಟ ಜೋರಾಗುತ್ತದೆ, ಆಮೇಲೆ ಇಳಿಯುತ್ತದೆ. ಒಂದು ಸಿಡಿತಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಕೇಳಿಸತೊಡಗಿದಾಗ ಉರಿ ಸಣ್ಣ ಮಾಡಿ ಉದ್ದಿನಬೇಳೆ ಹಾಕಿ. ಬೇಳೆಯ ಹಸಿ ವಾಸನೆ ಹೋಗಿ ಹುರಿದ ಘಮ ಬಂದ ಗಳಿಗೆಗೆ ಇಂಗು. ಕರಿಬೇವು ಕೊನೆಗೆ, ಬಟ್ಟೆಯಲ್ಲಿ ಒತ್ತಿ ಒರೆಸಿದ್ದು. ನೀರು ಉಳಿದರೆ ಎಣ್ಣೆ ಸಿಡಿಯುವುದು ಕಣ್ಣಿದ್ದವರಿಗೂ ಅಷ್ಟೇ. ಹಾಕಿದ ತಕ್ಷಣ ತಟ್ಟೆ ಮುಚ್ಚಿ, ಗ್ಯಾಸ್ ಆರಿಸಿ.

ಹಾಲಿಗೆ ಸೀಟಿ ಹೊಡೆಯುವ ಮಿಲ್ಕ್ ಕುಕ್ಕರ್ ತಗೊಳ್ಳಿ. ಅನ್ನ, ಬೇಳೆಗೆ ಕುಕ್ಕರ್ ಕೂಗು ಎಣಿಸಿದರಾಯಿತು, ಅದನ್ನು ಈ ನಾಡಿನಲ್ಲಿ ಎಲ್ಲರೂ ಕಿವಿಯಿಂದಲೇ ಮಾಡುತ್ತಾರೆ.

ಸ್ವಲ್ಪ ಕಾಣುವವರಿಗೆ ಬಣ್ಣದ ವ್ಯತ್ಯಾಸ ದೊಡ್ಡ ಉಪಕಾರ. ಸ್ಟೀಲ್ ತಟ್ಟೆಯಲ್ಲಿ ಅನ್ನ ಮಾಯವಾಗುತ್ತದೆ, ಬಾಳೆಎಲೆಯ ಮೇಲೆ ಎದ್ದು ಕಾಣುತ್ತದೆ. ದಿನಾ ಎಲೆ ಹಾಕಲು ಆಗಲ್ಲ ಅಲ್ವಾ, ಕಡುಬಣ್ಣದ ತಟ್ಟೆ ಇಟ್ಟುಕೊಳ್ಳಿ. ಈರುಳ್ಳಿ ಹೆಚ್ಚಲು ಕಪ್ಪು ಮಣೆ, ಕೊತ್ತಂಬರಿಗೆ ಬಿಳಿ ಮಣೆ. ಮೆಟ್ಟಿಲ ಅಂಚಿಗೆ ಹಳದಿ ಟೇಪು. ದೀಪ ಕಣ್ಣಿಗೆ ಹೊಡೆಯದೆ ಪಕ್ಕದಿಂದ ಕೆಲಸದ ಮೇಲೆ ಬೀಳಬೇಕು.

ಮನೆಯವರಿಗೆ ನಿಯಮ ನಾಲ್ಕೇ. ಬಾಗಿಲು ಪೂರ್ತಿ ತೆರೆದಿರಲಿ ಅಥವಾ ಪೂರ್ತಿ ಮುಚ್ಚಿರಲಿ, ಅರ್ಧ ಬೇಡ. ಎದ್ದ ಮೇಲೆ ಕುರ್ಚಿ ಮೇಜಿನೊಳಗೆ ತಳ್ಳಿ. ಕೋಣೆಯಿಂದ ಹೋಗುವಾಗ 'ಹೋಗ್ತಾ ಇದೀನಿ' ಅನ್ನಿ, ಗೋಡೆ ಜೊತೆ ಮಾತಾಡಿಸಬೇಡಿ. 'ಅಲ್ಲೇ ಇದೆ ನೋಡು' ಅನ್ನುವುದನ್ನು ಬಿಟ್ಟು 'ನಿನ್ನ ಬಲಗೈ ಪಕ್ಕ, ಗೋಡೆ ಕಡೆ' ಅನ್ನಿ.

4. ದುಡ್ಡು ನಿಮ್ಮ ಕೈಯಲ್ಲೇ ಇರಲಿ

ಹೊಸ ನೋಟುಗಳಲ್ಲಿ 100, 200, 500ರ ಅಗಲ ಒಂದೇ, ಉದ್ದ ಮಾತ್ರ 4 ಮಿಲಿಮೀಟರ್‌ನಂತೆ ಹೆಚ್ಚುತ್ತದೆ: 142, 146, 150. ಇಷ್ಟು ಸಣ್ಣ ವ್ಯತ್ಯಾಸ ಬೆರಳಿಗೆ ಹೊಳೆಯುವುದು ಕಷ್ಟ. ಎರಡೂ ತುದಿಯಲ್ಲಿ ಉಬ್ಬುಗೆರೆಗಳಿವೆ. 100ಕ್ಕೆ ನಾಲ್ಕು ಗೆರೆ, 200ಕ್ಕೆ ನಾಲ್ಕು ಗೆರೆ ನಡುವೆ ಎರಡು ಚುಕ್ಕೆ, 500ಕ್ಕೆ ಐದು. ನೋಟು ಗರಿಗರಿ ಇರುವವರೆಗೆ ಸಿಗುತ್ತವೆ, ಸಂತೆಯಲ್ಲಿ ಓಡಾಡಿ ಮೆತ್ತಗಾದ ಮೇಲೆ ಏನೂ ಸಿಗುವುದಿಲ್ಲ. ಹಾಗಾಗಿ ಮಡಿಚುವ ಪದ್ಧತಿ ಮಾಡಿಕೊಳ್ಳಿ. 100 ಹಾಗೇ, 200 ಅಡ್ಡಕ್ಕೆ ಮಡಿಚಿ, 500 ಉದ್ದಕ್ಕೆ ಮಡಿಚಿ. ಮನೆಯಲ್ಲಿ ಒಂದು ಸಲ ರಿಸರ್ವ್ ಬ್ಯಾಂಕಿನ 'ಮಣಿ' ಆಪ್‌ನಲ್ಲಿ ಗುರುತಿಸಿ ಪರ್ಸಿಗೆ ಹಾಕಿದರೆ ಅಂಗಡಿಯಲ್ಲಿ ತಡಕಾಡುವುದಿಲ್ಲ. ಈ ಆಪ್ 2020ರ ಜನವರಿ 1ಕ್ಕೆ ಬಂತು, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. 20 ರೂಪಾಯಿ ನಾಣ್ಯಕ್ಕೆ 12 ಮೂಲೆ, ಅದನ್ನು ತಪ್ಪುವ ಹಾಗಿಲ್ಲ.

ಬ್ಯಾಂಕಿನಲ್ಲಿ 'ನಿಮಗೆ ಚೆಕ್ ಬುಕ್ ಕೊಡಲ್ಲ, ಜಾಯಿಂಟ್ ಖಾತೆ ಮಾಡಿ' ಅಂದರೆ ಒಪ್ಪಬೇಡಿ. ಚೆಕ್ ಬುಕ್, ಎಟಿಎಂ, ನೆಟ್ ಬ್ಯಾಂಕಿಂಗ್, ಲಾಕರ್ ಯಾವುದನ್ನೂ ದೃಷ್ಟಿದೋಷದ ಕಾರಣಕ್ಕೆ ನಿರಾಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ 2008ರ ಜೂನ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಮೊಬೈಲ್‌ನಲ್ಲಿ ಕೆವೈಸಿ ಮಾಡುವಾಗ 'ಕಣ್ಣು ಮಿಟುಕಿಸಿ' ಅನ್ನುವ ಕಾಟಕ್ಕೂ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ: ಬೇರೆ ದಾರಿ ಇರಲೇಬೇಕು. ಎರಡನ್ನೂ ಫೋನಿನಲ್ಲಿ ಉಳಿಸಿಟ್ಟುಕೊಂಡು ಮ್ಯಾನೇಜರ್‌ಗೆ ತೋರಿಸಿ. ಯುಪಿಐ ಪಿನ್ ಮಾತ್ರ ಯಾರ ಕೈಯಲ್ಲೂ ಒತ್ತಿಸಬೇಡಿ, ಗಂಡನ ಕೈಯಲ್ಲೂ.

5. ಕೋಲು ಹಿಡಿಯಿರಿ

'ಕೋಲು ಹಿಡಿದರೆ ಜನ ಏನಂತಾರೆ' ಅಂತ ಮುಂದೂಡುತ್ತಾ ಮೋರಿಗೆ ಬಿದ್ದವರು ನಮ್ಮಲ್ಲಿ ಕಡಿಮೆ ಇಲ್ಲ. ಬಿಳಿ ಕೋಲು ನೆಲದಿಂದ ಎದೆಮೂಳೆಯ ತನಕ ಉದ್ದ ಇರಬೇಕು. ಭುಜಕ್ಕಿಂತ ಸ್ವಲ್ಪ ಅಗಲಕ್ಕೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಟ್ಟುತ್ತಾ ನಡೆಯಬೇಕು. ಬಲಗಾಲು ಮುಂದಿಡುವಾಗ ಕೋಲು ಎಡಕ್ಕೆ, ಅಂದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ನೋಡಿರುತ್ತದೆ. ಇದನ್ನು ಓದಿ ಕಲಿಯಲು ಆಗುವುದಿಲ್ಲ, ತರಬೇತಿ ತಗೊಳ್ಳಿ. ಕೋಲಿಗೆ ಸಿಗದಿರುವುದು ತಲೆ ಮಟ್ಟದ್ದು: ಇಳಿಬಿದ್ದ ಕೇಬಲ್, ಕೊಂಬೆ, ಅಂಗಡಿಯ ತಗಡು. ಮುಂದಕ್ಕೆ ಚಾಚಿದ ಟೋಪಿ ಹಾಕಿಕೊಂಡರೆ ಹಣೆ ಉಳಿಯುತ್ತದೆ.

ಜೊತೆಗೆ ಬರುವವರು ನಿಮ್ಮ ತೋಳು ಹಿಡಿದು ತಳ್ಳಬಾರದು. ನೀವು ಅವರ ಮೊಣಕೈ ಹಿಡಿದುಕೊಳ್ಳಿ, ಅವರು ಅರ್ಧ ಹೆಜ್ಜೆ ಮುಂದೆ ನಡೆಯಲಿ.

6. ರಾಜೀನಾಮೆ ಬರೆಯಬೇಡಿ

ಸರ್ಕಾರಿ ಕೆಲಸದಲ್ಲಿರುವವರಿಗೆ 'ಸ್ವಯಂ ನಿವೃತ್ತಿ ತಗೊಳ್ಳಿ' ಅಂತ ಸಲಹೆ ಕೊಡುವವರು ಆಫೀಸಿನಲ್ಲೇ ಇರುತ್ತಾರೆ. 2016ರ ಕಾಯ್ದೆಯ 20ನೇ ಸೆಕ್ಷನ್ ಓದಿ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದರೆ ಸರ್ಕಾರಿ ಸಂಸ್ಥೆ ಆ ನೌಕರರನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. ಅಂಥ ಹುದ್ದೆ ಇಲ್ಲದಿದ್ದರೆ ಸಿಗುವ ತನಕ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಖಾಸಗಿ ಕಂಪನಿಗೆ ಇಷ್ಟು ಗಟ್ಟಿ ಕಟ್ಟು ಇಲ್ಲ, ಆದರೆ ಸಮಾನ ಅವಕಾಶ ನೀತಿ ಇರಲೇಬೇಕು. ಎಚ್ಆರ್ ಹತ್ತಿರ ಅದನ್ನು ಬರೆದು ಕೇಳಿ.

ಪತ್ರದಲ್ಲಿ ನಿಮ್ಮ ಕಷ್ಟದ ಕಥೆ ಬರೆಯಬೇಡಿ, ಬೇಕಾದ್ದರ ಪಟ್ಟಿ ಬರೆಯಿರಿ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಹಾಕಲು ಅನುಮತಿ. ಇದು ಉಚಿತ ತಂತ್ರಾಂಶ, ಪರದೆಯಲ್ಲಿರುವುದನ್ನು ಓದಿ ಹೇಳುತ್ತದೆ, ಕಂಪನಿಗೆ ಪೈಸೆ ಖರ್ಚಿಲ್ಲ. ಸ್ಕ್ಯಾನ್ ಮಾಡಿದ ಚಿತ್ರದ ಬದಲು ಟೈಪ್ ಮಾಡಿದ ಫೈಲು. ಇನ್ನೊಂದು ಕನ್ನಡದವರಿಗೇ ಇರುವ ಗೋಳು: ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳು. ಕಣ್ಣಿಗೆ ಕನ್ನಡ ಕಾಣುತ್ತದೆ, ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎನ್‌ವಿಡಿಎ ಅದನ್ನೇ ಓದುತ್ತದೆ, ಒಂದು ಪದ ಅರ್ಥವಾಗುವುದಿಲ್ಲ. 'ಕನ್ನಡ ಕಡತಗಳು ಯೂನಿಕೋಡ್‌ನಲ್ಲಿ ಬರಲಿ' ಅಂತ ಪತ್ರದ ಮೊದಲ ಸಾಲಿನಲ್ಲೇ ಹಾಕಿ. ಹಳೆಯದನ್ನು ಬದಲಾಯಿಸುವ ಕನ್ವರ್ಟರ್‌ಗಳಿವೆ. ನಮ್ಮ ಆಫೀಸಿನಲ್ಲಿ ಇದೊಂದು ಬದಲಾದ ಮೇಲೆ ನನ್ನ ಅರ್ಧ ತಲೆನೋವು ಇಳಿಯಿತು.

ಹೊಸದಾಗಿ ಕಲಿಯಬೇಕಾದವರಿಗೆ ಬೆಂಗಳೂರಿನಲ್ಲಿ ಎನೇಬಲ್ ಇಂಡಿಯಾ, ಸಮರ್ಥನಂ, ಮಿತ್ರ ಜ್ಯೋತಿ ಸಂಸ್ಥೆಗಳಿವೆ. ಕಂಪ್ಯೂಟರ್ ತರಬೇತಿಯಿಂದ ಕೆಲಸ ಹುಡುಕುವ ತನಕ ಜೊತೆ ನಿಲ್ಲುತ್ತಾರೆ. 'ಕಾಣದವರು ಏನು ಕೆಲಸ ಮಾಡ್ತಾರೆ' ಅನ್ನುವವರಿಗೆ ಒಂದು ಸುದ್ದಿ: ದೃಷ್ಟಿದೋಷ ಇದೆ ಅನ್ನುವ ಕಾರಣಕ್ಕೆ ನ್ಯಾಯಾಧೀಶರ ಹುದ್ದೆಯನ್ನೂ ನಿರಾಕರಿಸುವಂತಿಲ್ಲ ಅಂತ 2025ರ ಮಾರ್ಚ್ 3ರಂದು ಸುಪ್ರೀಂ ಕೋರ್ಟ್ ಹೇಳಿದೆ.

7. ಮಕ್ಕಳು

'ನಿನ್ನನ್ನೇ ನೋಡ್ಕೊಳ್ಳೋಕೆ ಒಬ್ಬರು ಬೇಕು, ಮಗು ಹೆಂಗೆ?' ಈ ಮಾತು ಕೇಳದ ಅಂಧ ತಾಯಿ ಇಲ್ಲ. ತಂದೆಯರಿಗೆ ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಹಸುಗೂಸಿನ ಕೆಲಸದಲ್ಲಿ ಮುಕ್ಕಾಲು ಪಾಲು ಕೈಯದ್ದು. ಮಲಗಿಸುವ ಮುನ್ನ ಚಾಪೆಯನ್ನು ಅಂಗೈಯಲ್ಲಿ ಪೂರ್ತಿ ಸವರಿ, ಪಿನ್ನು, ಗುಂಡಿ ಇದ್ದರೆ ಸಿಗುತ್ತದೆ. ಸ್ನಾನಕ್ಕೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ, ಮೊಣಕೈ ಅದ್ದಿ ನೋಡಿ. ರಾಗಿ ಸರಿ ತಿನ್ನಿಸುವಾಗ ಚಮಚಕ್ಕಿಂತ ಬೆರಳು ವಾಸಿ. ಎಡಗೈ ಮಗುವಿನ ಗಲ್ಲದ ಮೇಲಿದ್ದರೆ ಬಾಯಿ ತೆರೆದಿದೆಯಾ, ನುಂಗಿತಾ, ಮುಖ ತಿರುಗಿಸಿತಾ ಎಲ್ಲ ತಿಳಿಯುತ್ತದೆ.

ಸಿರಪ್ ಹಾಕುವುದು ಜಾಗ್ರತೆಯ ಕೆಲಸ. ಮುಚ್ಚಳದ ಗೆರೆ ನಮಗೆ ಕಾಣಲ್ಲ. ಸೂಜಿ ಇಲ್ಲದ, ಬಾಯಿಗೆ ಹಾಕುವ ಸಿರಿಂಜ್ ತಗೊಳ್ಳಿ. ವೈದ್ಯರು ಎರಡೂವರೆ ಎಂಎಲ್ ಅಂದಿದ್ದರೆ, ಕಣ್ಣು ಕಾಣುವವರಿಂದ ಸಿರಿಂಜನ್ನು ಅಷ್ಟಕ್ಕೇ ಎಳೆಸಿ, ಒಳಗಿನ ದಂಡ ಹೊರಗೆ ಬಂದ ಜಾಗದಲ್ಲಿ ಬ್ಲೇಡಿನಿಂದ ಒಂದು ಕಚ್ಚು ಹಾಕಿಸಿ. ಮುಂದೆ ಉಗುರಿಗೆ ಆ ಕಚ್ಚು ಸಿಕ್ಕಿದರೆ ಅಳತೆ ಸರಿ. ಪ್ರತಿ ಔಷಧಿಗೂ ಬೇರೆ ಸಿರಿಂಜ್, ಅದೇ ಬಾಟಲಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಡಿ. ಅಳತೆ ಬದಲಾದರೆ ಹಳೇ ಸಿರಿಂಜ್ ಬಿಸಾಡಿ. ಮಾತಾಡುವ ಥರ್ಮಾಮೀಟರ್ ಕೂಡ ಸಿಗುತ್ತದೆ.

ತೆವಳಲು ಶುರು ಮಾಡಿದ ಮೇಲೆ ಕಾಲಿಗೆ ಗೆಜ್ಜೆ. ಗಂಡಾಗಲಿ ಹೆಣ್ಣಾಗಲಿ, ಗೆಜ್ಜೆ ನಮ್ಮಲ್ಲಿ ಹೇಗೂ ಹಾಕುತ್ತಾರೆ, ಅಜ್ಜಿಯರಿಗೂ ಖುಷಿ. ಬಿಗಿಯಾಗಿರಲಿ, ಗೆಜ್ಜೆ ಕಿತ್ತು ಬಾಯಿಗೆ ಹೋಗಬಾರದು. ಗೆಜ್ಜೆ ಸದ್ದು ಬಂದರೆ ನಿಶ್ಚಿಂತೆ. ನಿಂತರೆ ಕೂಡಲೇ ಎದ್ದು ಹೋಗಿ, ಏನೋ ಕೈಗೆ ಸಿಕ್ಕಿದೆ ಅಂತಲೇ ಲೆಕ್ಕ. ಹೊರಗೆ ಹೋಗುವಾಗ ಮಗುವನ್ನು ಎದೆಗೆ ಅಥವಾ ಬೆನ್ನಿಗೆ ಕಟ್ಟಿಕೊಂಡರೆ ಒಂದು ಕೈ ಕೋಲಿಗೆ ಸಿಗುತ್ತದೆ. ತಳ್ಳುಗಾಡಿ ಇದ್ದರೆ ಮುಂದೆ ತಳ್ಳಬೇಡಿ. ಕೋಲು ಮುಂದೆ, ಗಾಡಿ ಹಿಂದೆ ಎಳೆಯಿರಿ. ಗುಂಡಿ ಸಿಕ್ಕಿದರೆ ಮೊದಲು ಕೋಲಿಗೆ ಸಿಗಲಿ.

ಮಾತು ಬಂದ ಮೇಲೆ ಒಂದು ನಿಯಮ. 'ಎಲ್ಲಿದ್ದೀಯಾ?' ಅಂದರೆ 'ಇಲ್ಲಿದ್ದೀನಿ' ಅನ್ನಲೇಬೇಕು. ತಲೆ ಆಡಿಸಿದರೆ ಉತ್ತರ ಅಲ್ಲ. ಇದನ್ನು ಆಟ ಮಾಡಿ ಕಲಿಸಿ, ಬೇಗ ಕಲಿಯುತ್ತವೆ. ಅಷ್ಟೇ ಬೇಗ, ಸದ್ದಿಲ್ಲದೆ ತುದಿಗಾಲಲ್ಲಿ ಹೋಗಿ ಬೆಲ್ಲದ ಡಬ್ಬ ತೆಗೆಯುವುದನ್ನೂ ಕಲಿಯುತ್ತವೆ. ಡಬ್ಬದ ಮುಚ್ಚಳ ಬಿಗಿ ಇರುವುದು ಕೊಳ್ಳಿ, ಟಪ್ ಅನ್ನುತ್ತದೆ.

ಶಾಲೆಗೆ ಸೇರಿಸಿದ ವಾರವೇ ಟೀಚರ್‌ಗೆ ಹೇಳಿ, ಬೋರ್ಡಿನ ಫೋಟೋ ಬೇಡ, ಹೋಮ್‌ವರ್ಕ್ ಟೈಪ್ ಮಾಡಿ ಅಥವಾ ವಾಯ್ಸ್ ಮೆಸೇಜ್ ಕಳಿಸಿ ಅಂತ. ಮಗುವಿನ ಕೈಬರಹವನ್ನು ಯಾವ ಆಪ್ ಕೂಡ ನಂಬುವ ಹಾಗೆ ಓದುವುದಿಲ್ಲ. ಅದಕ್ಕೆ ಮಗುವಿನಿಂದಲೇ ಓದಿಸಿ. 'ಅಕ್ಕ ಅಂತ ಬರೆದಿದ್ದೀಯಲ್ಲ, ಏನೇನು ಹಾಕಿದೆ?' ಅಂದರೆ 'ಅ, ಕ, ಕೆಳಗೆ ಕ ಒತ್ತು' ಅನ್ನಬೇಕು. ಒತ್ತಕ್ಷರ ಬಿಟ್ಟಿದ್ದರೆ ಹೇಳುವಾಗಲೇ ಸಿಕ್ಕಿಬೀಳುತ್ತದೆ.

ಇನ್ನು ನಾನು ಹಠ ಹಿಡಿಯುವ ವಿಷಯ. ಮಗುವನ್ನು ನಿಮ್ಮ ಕಣ್ಣು ಮಾಡಿಕೊಳ್ಳಬೇಡಿ. 'ಅಮ್ಮನ ಕೈ ಹಿಡ್ಕೊಂಡು ರಸ್ತೆ ದಾಟಿಸ್ತಾನೆ ನೋಡಿ, ಎಷ್ಟು ಜಾಣ' ಅಂತ ಜನ ಹೊಗಳುತ್ತಾರೆ. ಐದು ವರ್ಷದ ಮಗುವಿಗೆ ರಸ್ತೆ ದಾಟಿಸುವುದು ನಿಮ್ಮ ಕೆಲಸ, ಅದರ ಕೆಲಸ ಅಲ್ಲ. ಮನೆಯ ಎಲ್ಲ ಮಕ್ಕಳ ಹಾಗೆ ತಟ್ಟೆ ಎತ್ತಲಿ, ಬಿದ್ದ ಪೆನ್ನು ಹುಡುಕಿ ಕೊಡಲಿ. ಬ್ಯಾಂಕಿನ ಪತ್ರ ಓದುವುದು, ಆಸ್ಪತ್ರೆಗೆ ಕರೆದೊಯ್ಯುವುದು ದೊಡ್ಡವರಿಗೆ ಮತ್ತು ಫೋನಿಗೆ ಬಿಡಿ.

ಕೊನೆಯದು, ಮಕ್ಕಳಿಗೂ ಬರುತ್ತದಾ ಅನ್ನುವ ಭಯ. ಎಲ್ಲ ದೃಷ್ಟಿದೋಷವೂ ವಂಶದಲ್ಲಿ ಬರುವುದಿಲ್ಲ. ರೆಟಿನೈಟಿಸ್ ಪಿಗ್ಮೆಂಟೋಸಾದಂಥವು ಬರಬಹುದು, ಅದರಲ್ಲೂ ಬೇರೆ ಬೇರೆ ದಾರಿಗಳಿವೆ. ಒಂದು ಬಗೆಯಲ್ಲಿ ತಂದೆ ತಾಯಿ ಇಬ್ಬರಿಂದಲೂ ಅದೇ ದೋಷವಿರುವ ಜೀನ್ ಬಂದರೆ ಮಾತ್ರ ಕಾಯಿಲೆ. ನಮ್ಮಲ್ಲಿ ಸೋದರಮಾವ, ಅತ್ತೆಯ ಮಗ ಅಂತ ಸಂಬಂಧದಲ್ಲೇ ಮದುವೆ ಮಾಡುವುದರಿಂದ ಈ ಬಗೆಯ ಸಾಧ್ಯತೆ ಹೆಚ್ಚುತ್ತದೆ. ಮಗು ಬೇಕು ಅನ್ನುವ ಮೊದಲೇ ದೊಡ್ಡ ಕಣ್ಣಾಸ್ಪತ್ರೆಯಲ್ಲಿ ಜೆನೆಟಿಕ್ ಕೌನ್ಸೆಲಿಂಗ್ ಕೇಳಿ. ಎರಡೂ ಕಡೆಯ ಮನೆಗಳಲ್ಲಿ ಮೂರು ತಲೆಮಾರು ಯಾರಿಗೆ ಕಣ್ಣಿನ ತೊಂದರೆ ಇತ್ತು, ಯಾರ್ಯಾರ ನಡುವೆ ಮದುವೆಯಾಗಿದೆ ಅಂತ ಬರೆದುಕೊಂಡು ಹೋಗಿ. ಮಗು ಆಗಿದ್ದರೆ ಶಾಲೆಗೆ ಸೇರುವ ಮುಂಚೆ ಒಮ್ಮೆ ಕಣ್ಣು ತೋರಿಸಿ. ಸಂಜೆ ಹೊತ್ತು ಆಟದಲ್ಲಿ ಎಡವುತ್ತದೆ, ಮಬ್ಬು ಬೆಳಕಲ್ಲಿ ಚಪ್ಪಲಿ ಹುಡುಕಲು ಪರದಾಡುತ್ತದೆ ಅನಿಸಿದರೆ ಅಷ್ಟು ದಿನವೂ ಕಾಯಬೇಡಿ.